ಎರಡು ಚಪ್ಪರ

ಜೂನ್ 29, ಭಾನುವಾರ, ಜಗಳೂರು

ಕೆಟ್ಟ ಕನಸು ಬಿತ್ತು. ಹೊನ್ನಾಳಿ ಬಸ್ಸಿನಲ್ಲಿ ನನ್ನ ಬೇಸ್ ಗಿಟಾರು ಕಿಟಕಿ ಪಕ್ಕದ ಸೀಟಿನಲ್ಲಿ ಆರಾಮಾಗಿ ಕೂತೈತೆ, ನಾನು ಅದರ ಚೀಲದೊಳಗೆ ಇದ್ದೀನಿ. ಜಿಪ್ಪು ಎಳೆದುಬಿಟ್ಟಾರೆ. ಕಂಡಕ್ಟರು ಬಂದು ಗಿಟಾರು ತೋರಿಸಿ, "ಈಯಮ್ಮಗೆ ಫ್ರೀ. ಚೀಲಕ್ಕೆ ಟಿಕೆಟ್ ತಗೊಳ್ರಿ" ಅಂತಾನೆ. ಚೀಲದಾಗಿರೋದೇ ಹೆಣ್ಣು ಕಣಪ್ಪ, ಆಧಾರ್ ಕಾರ್ಡು ಐತೆ ಅಂತ ಕೂಗಿದರೆ ಬಾಯಿಂದ ಬರೋದು ದಪ್ಪ ತಂತಿಯ ಗುಂಯ್ ಅನ್ನೋ ಸದ್ದು. ಬಸ್ಸಿನವರೆಲ್ಲ ತಿರುಗಿ ನೋಡಿ ನಕ್ಕರು. ಎಚ್ಚರ ಆಯಿತು. ಅವ್ವ ಚಾ ಕಾಸುತ್ತಾ, "ಏನು ಹಂಗೆ ನರಳ್ತಿದ್ದೆ?" ಅಂದಳು. ಹೇಳಲಿಲ್ಲ. ಬೆಳಗಿನ ಕನಸು ಬಾಯಿಬಿಟ್ಟು ಹೇಳಿದರೆ ನಿಜ ಆಗ್ತೈತಂತೆ. ಬರೆದರೆ ಏನಾಗ್ತೈತೋ ಯಾರೂ ಹೇಳಿಲ್ಲ. ಅದಕ್ಕೆ ಬರೀತಿದ್ದೀನಿ.

ನಾಳೆಯಿಂದ ಹೊನ್ನಾಳಿಯಲ್ಲಿ ರೆಕಾರ್ಡಿಂಗು. ಆಷಾಢ ಅಂತ ಕಲ್ಯಾಣ ಮಂಟಪ ಖಾಲಿ ಬಿದ್ದೈತೆ, ನಮ್ಮ ಬ್ಯಾಂಡೂ ಖಾಲಿ ಬಿದ್ದೈತೆ. ವರ್ಷವೆಲ್ಲ ಮದುವೆ ರಿಸೆಪ್ಷನ್ನಿನಲ್ಲಿ ಸಿನಿಮಾ ಹಾಡು ಬಾರಿಸಿ ಹೊಟ್ಟೆ ಹೊರೆಯೋರು ನಾವು. ನಮ್ಮವೇ ರಾಕ್ ಹಾಡುಗಳನ್ನು ಕೇಳೋರು ನಾವೇ ಮೂರು ಜನ. ಗಿಟಾರು ಮತ್ತು ಯಜಮಾನಿಕೆ ಎರಡೂ ಸಿದ್ದುದು, ಅವನಿಗೆ ಚನ್ನಗಿರಿಯಲ್ಲಿ ಸೌಂಡ್ ಬಾಕ್ಸ್ ಬಾಡಿಗೆ ಕೊಡೋ ಅಂಗಡಿ ಐತೆ. ಡ್ರಮ್ಸ್ ಬಾರಿಸೋನು ನ್ಯಾಮತಿ ಕಡೆ ಗೋವಿನಕೋವಿಯ ಮುತ್ತುರಾಜ. ಬೇಸ್ ನಾನು, ಅದನ್ನ ಬಾರಿಸಾಕೆ ಬೇರೆ ಯಾರೂ ಒಪ್ಪದಿದ್ದಕ್ಕೆ. ಬ್ಯಾಂಡಿನ ಹೆಸರು ರವದಿ, ಅಂದರೆ ಕಬ್ಬಿನ ಒಣಗಿದ ಗರಿ. ಬೆಂಕಿ ಬಿದ್ದರೆ ಮೊದಲು ಉರಿಯೋದು ಅದೇ ಅಂತ ಹೆಸರಿಡುವಾಗಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ಈ ಸಲ ಜೋಡಿ ಆಲ್ಬಂ ಅಂತ ಸಿದ್ದು ಹಟ ಹಿಡಿದಾನೆ. ಹೆಸರು 'ಎರಡು ಚಪ್ಪರ'. ಮದುವೆಗೂ ಮನೆ ಮುಂದೆ ಚಪ್ಪರ, ಸತ್ತರೂ ಮನೆ ಮುಂದೆ ಚಪ್ಪರ. ಒಂದು ಪೆನ್‌ಡ್ರೈವಿನಲ್ಲಿ ಮದುವೆ ಹಾಡು, ಇನ್ನೊಂದರಲ್ಲಿ ಸಾವಿನ ಮನೆ ಹಾಡು. ಮಂಟಪದ ಯಜಮಾನರು ಮರುಳಸಿದ್ದಪ್ಪನವರಿಗೆ ಮೊದಲನೇದರ ಸುದ್ದಿ ಮಾತ್ರ ಹೇಳೀವಿ. ಮದುವೆ ಆಗೋ ಜಾಗದಲ್ಲಿ ಹೆಣದ ಹಾಡು! ಗೊತ್ತಾದರೆ ಏನು ಗತಿ? ಗ್ಯಾಸ್ ಆಫ್ ಮಾಡಿದೆನಾ ಅಂತ ಎರಡು ಸಲ ಎದ್ದು ನೋಡಿ ಬಂದೆ.

ಜುಲೈ 2, ಬುಧವಾರ, ಹೊನ್ನಾಳಿ

ಮುತ್ತು ಒಂದು ಏಟು ಹೊಡೆದರೆ ಮಂಟಪ ನಾಲ್ಕು ಏಟು ವಾಪಸ್ ಕೊಡ್ತೈತೆ. ಊಟದ ಹಾಲ್‌ನ ಜಮಖಾನ ಎಲ್ಲ ತಂದು ಗೋಡೆಗೆ ನೇತು ಹಾಕಿದೆವು. ಸಿದ್ದುನ ಆಂಪ್ಲಿಫೈಯರು ವರನ ಕೋಣೆಯಲ್ಲಿ, ನಂದು ವಧುವಿನ ಕೋಣೆಯಲ್ಲಿ.

"ಚೈತ್ರಕ್ಕ, ವಧು ಕೋಣೆಗೆ ಹೋಗೋ ಯೋಗ ಹಿಂಗಾದ್ರೂ ಬಂತಲ್ಲ" ಅಂದ ಮುತ್ತು.

ನಾನು ನಗಲಿಲ್ಲ. ಅವನು ಒಬ್ಬನೇ ನಕ್ಕ, ಅದೂ ನಾಲ್ಕು ಸಲ ಕೇಳಿಸ್ತು.

ಹಾಡಿನ ನಡುವೆ ನಿಲ್ಲಿಸಿ, ಪ್ಲಗ್ ಬಿಸಿ ಆಗೈತೆ ನೋಡು ಅಂದಿದ್ದಕ್ಕೆ ಸಿದ್ದು ರೇಗಿದ. "ನಿನ್ನ ಕೈಲಿ ಬೇಸ್ ಅಲ್ಲ, ಫೈರ್ ಇಂಜಿನ್ ಗಂಟೆ ಕೊಡ್ಬೇಕಿತ್ತು. ಒಂದು ಹಾಡು ನೆಮ್ಮದಿಯಿಂದ ಮುಗಿಸಾಕೆ ಬಿಡಲ್ಲ." ಪ್ಲಗ್ ನಿಜವಾಗಿ ಬಿಸಿ ಆಗಿತ್ತು. ಆದರೂ ನಾನೇ ಸಾರಿ ಅಂದೆ.

ಜುಲೈ 16, ಬುಧವಾರ

ಮದುವೆ ಹಾಡು ಮುಗಿದವು. ಮರುಳಸಿದ್ದಪ್ಪನವರು ಕುರ್ಚಿ ಹಾಕ್ಕೊಂಡು ಕೂತು ಕೇಳಿ, "ಸದ್ದು ಜಾಸ್ತಿ, ಆದ್ರೂ ಮಂಟಪ ಚೆನ್ನಾಗಿ ಕೇಳಿಸ್ತೈತೆ" ಅಂದರು. ಇನ್ನೊಂದರಲ್ಲಿ ಏನೈತೆ ಅಂತ ಕೇಳಿದರು. "ತತ್ವಪದ ಸಾರ್" ಅಂದ ಸಿದ್ದು.

ಈಗ ಸಾವಿನ ಮನೆ ಹಾಡಿಗೆ ಅವನಿಗೆ ನಮ್ಮ ಅವ್ವ ಬೇಕಂತೆ. ಜಗಳೂರಿನ ಸುತ್ತ ಯಾರ ಮನೇಲಿ ಸತ್ತರೂ ದುರುಗಮ್ಮ ಬಂದಳಾ ಅಂತ ಕೇಳ್ತಾರೆ. ಅವ್ವ ಹೆಣದ ಪಕ್ಕ ಕೂತು ಹಾಡಿಕೊಂಡು ಅಳೋದಕ್ಕೆ ಕೂತಳೆಂದರೆ ಸತ್ತವರ ಹೊಗಳಿಕೆ ಅರ್ಧ, ಬದುಕಿರೋರಿಗೆ ಬೈಗುಳ ಅರ್ಧ. ಯಾರು ಅನ್ನ ಹಾಕಲಿಲ್ಲ, ಯಾರು ಆಸ್ಪತ್ರೆಗೆ ಬರಲಿಲ್ಲ, ಹೆಸರು ಹಿಡಿದೇ ಅನ್ನುತ್ತಾಳೆ. ಯಾರೂ ಎದುರು ಮಾತಾಡಂಗಿಲ್ಲ, ಯಾರೂ ಅದನ್ನು ಮನೆಗೆ ಹೊತ್ತುಕೊಂಡು ಹೋಗಂಗಿಲ್ಲ. ಹೆಣದ ಮುಂದಿನ ಮಾತಿಗೆ ಹಗೆ ಇಲ್ಲ ಅಂತಾರೆ.

ಕೇಳಿದೆ. ಅವ್ವ ಬೆಳ್ಳುಳ್ಳಿ ಬಿಡಿಸ್ತಾ, "ಹೆಣ ಎಲ್ಲೈತೆ?" ಅಂದಳು.

"ಹೆಣ ಇಲ್ಲವ್ವ. ಮೈಕ್ ಇರ್ತೈತೆ."

"ಮೈಕ್ ನೋಡ್ಕೊಂಡು ಅಳಾಕೆ ನಾನೇನು ಎಮ್ಮೆಲ್ಲೆ ಏನೇ?"

ಆದರೂ ಬರ್ತೀನಿ ಅಂದಳು. ಮಗಳ ಕೆಲಸ ಅಂತ. ಬರಬೇಡ ಅಂತ ಹೇಳಬೇಕಿತ್ತೋ ಏನೋ.

ಜುಲೈ 19, ಶನಿವಾರ, ಹೊನ್ನಾಳಿ

ಅವ್ವ ಹಸೆಮಣೆ ಇಡೋ ಜಾಗದಲ್ಲೇ ನೆಲದ ಮೇಲೆ ಕೂತಳು. ಸಿದ್ದು, "ಅಮ್ಮಾ, ಯಾರನ್ನಾದ್ರೂ ನೆನೆಸ್ಕೊಳ್ರಿ" ಅಂದ. ಅವಳು ಸೆರಗಿನ ತುದಿ ಸುತ್ತುತ್ತಿದ್ದಳು. ಆಮೇಲೆ ಬಂತು. ಸಂಕ್ರಾಂತಿ ಆದಮೇಲೆ ತೀರಿಕೊಂಡ ಅವಳ ಅಣ್ಣ, ನಮ್ಮ ಜಂಪಣ್ಣ ಮಾವ.

*ದಾರೀಲಿ ಹೋಗೋರಿಗೆ ನೀರು ಕೊಟ್ಟೋನೆ ನನ್ನಣ್ಣ*
*ದಾರಂದದ ಆಚೆ ನಿನ್ನ ಚಾಪೆ ಬಂತಲ್ಲೋ*
*ಗಾದ್ರಪ್ಪನ ಹೊಸ ಮನ್ಯಾಗೆ ಎಲ್ಲಾಕೂ ಜಾಗ ಐತಲ್ಲೋ*
*ನಿನ್ನ ಕಂಬಳಿಗೊಂದು ಗೂಟ ಇಲ್ಲದಂಗಾತಲ್ಲೋ*

ಗಾದ್ರಪ್ಪ ಭಾವ ಜಂಪಣ್ಣ ಮಾವನ ಮಗ, ಹೊಸ ಮನೆ ಆದಮೇಲೆ ಮಾವನ ಚಾಪೆ ಬಾಗಿಲ ಹೊರಗೆ ಹಾಕಿದ ಅಂತ ಅವ್ವನ ಸಿಟ್ಟು. ಈಗ ಅವ್ವನಿಗೆ ತವರು ಅಂತ ಇರೋದು ಅವನ ಮನೆ ಒಂದೇ. ನನ್ನ ಕೈ ತಂತಿ ಮೇಲೇ ನಿಂತುಬಿಟ್ಟಿತು. ಮುತ್ತು ಎಲ್ಲಿಂದಲೋ ಮೆಲ್ಲಗೆ ಡ್ರಮ್ ಶುರು ಮಾಡಿದ, ಸಿದ್ದು ಗಿಟಾರು ಹಿಡಿದ. ನಾನೂ ಸೇರಿಕೊಂಡೆ. ಇಷ್ಟು ವರ್ಷದಲ್ಲಿ ನಾವು ಬಾರಿಸಿದ್ದರಲ್ಲಿ ಅಂಥದ್ದು ಇನ್ನೊಂದಿಲ್ಲ. ಅವ್ವ ಮುಗಿಸಲೇ ಇಲ್ಲ. ನಮ್ಮ ಕೈ ಸೋತವು, ಸಿದ್ದು ಮೆಲ್ಲಗೆ ಸದ್ದು ಇಳಿಸಿ ಮಿಷನ್ ಆಫ್ ಮಾಡಿದ. ಅವಳು ಆಮೇಲೂ ಅಳುತ್ತಿದ್ದಳು.

ಜುಲೈ 24, ಗುರುವಾರ

ಆ ಹೆಸರು ತೆಗೆದುಬಿಡು ಅಂತ ಸಿದ್ದುಗೆ ಫೋನ್ ಮಾಡಿದೆ. ಬೇರೆ ಏನಾದರೂ ಹಾಕು, 'ಮಗನ ಹೊಸ ಮನ್ಯಾಗೆ' ಅನ್ನೋ ಥರ.

"ಹೆಸರಿಲ್ಲದ ಬೈಗುಳ ಉಪ್ಪಿಲ್ಲದ ಸಾರು. ನಿನ್ನ ಭಾವ ಎಲ್ಲಿ ಕೇಳ್ತಾನೆ ಇದನ್ನ? ಅವನೇನು ರಾಕ್ ಕೇಳ್ತಾನಾ?"

"ಆದ್ರೂ..."

"ನಿನ್ನ 'ಆದ್ರೂ' ಒಂದನ್ನೇ ಇಟ್ಕೊಂಡು ಮೂರನೇ ಪೆನ್‌ಡ್ರೈವ್ ಮಾಡಬಹುದು ಕಣೇ ಮಾರಾಯ್ತಿ."

ನಿನಗೆ ಬೇಜಾರಾದರೆ ಬಿಡಪ್ಪ ಅಂದೆ. ಫೋನ್ ಇಟ್ಟಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದಕ್ಕೆ ಹಿಂಗಾ, ಇಲ್ಲ ಹುಟ್ಟಿದ್ದೇ ಹಿಂಗಾ, ಗೊತ್ತಿಲ್ಲ. ಎದುರಿನವರು ದನಿ ಎತ್ತಿದರೆ ನನ್ನ ಮಾತು ಮಡಚಿಕೊಂಡು ಬಿಡ್ತೈತೆ.

ಆಗಸ್ಟ್ 24, ಭಾನುವಾರ

ಬಿಡುಗಡೆ ಆಯಿತು. ಯೂಟ್ಯೂಬಿನಲ್ಲೂ ಹಾಕಿದೆವು. ಜೋಡಿ ಪೆನ್‌ಡ್ರೈವು ಒಂದೇ ಕವರಿನಲ್ಲಿ, ಕೆಂಪು ಒಂದು, ಬಿಳಿ ಒಂದು. ಸಂತೇಬೆನ್ನೂರು ಸಂತೆಯಲ್ಲಿ ಒಬ್ಬ ಕೆಂಪು ಮಾತ್ರ ಕೊಡ್ರಿ ಅಂದನಂತೆ. ಕೊಡಲ್ಲ, ಎರಡೂ ಸೇರೇ ಒಂದು ಅಂದಿದ್ದಕ್ಕೆ, "ಮದುವೆ ಆದೋರೆಲ್ಲ ಸಾಯಲೇಬೇಕು ಅಂತ ಕಟ್ಟುನಿಟ್ಟಾ?" ಅಂತ ಬೈದು ಹೋದನಂತೆ.

ಆಗಸ್ಟ್ 31, ಭಾನುವಾರ

ಮರುಳಸಿದ್ದಪ್ಪನವರ ಫೋನು. "ಏನಮ್ಮಾ, ನನ್ನ ಮಂಟಪದಾಗೆ ಕೂತು ಹೆಣದ ಮುಂದಿನ ಅಳು ಅತ್ತೀರಂತೆ? ಹಸೆ ಹಾಕೋ ಜಾಗದಾಗೆ? ವಿಡಿಯೋದಾಗೆ ನನ್ನ ಜಮಖಾನ ಕಾಣ್ತೈತೆ! ಕಾರ್ತೀಕದಾಗೆ ಬುಕ್ ಮಾಡಿದ್ದೋರು ಅಡ್ವಾನ್ಸ್ ವಾಪಸ್ ಕೇಳಾಕೆ ಬಂದು ಕೂತಾರೆ. ಶಾಂತಿ ಮಾಡಿಸ್ಬೇಕು ಈಗ, ಯಾರು ಮಾಡಿಸ್ತಾರೆ? ನಿಮ್ಮ ತತ್ವಪದದೋನು ಎಲ್ಲಿ?" ಸಿದ್ದು ಅವರ ಫೋನ್ ಎತ್ತುತ್ತಿಲ್ಲ, ಅದಕ್ಕೆ ನನಗೆ. ನಿಂತೇ ಪೂರ್ತಿ ಕೇಳಿಸಿಕೊಂಡೆ.

ಉಬ್ರಾಣಿಯ ಮದುವೆಯವರು ನಮ್ಮನ್ನು ಬೇಡ ಅಂದರು. "ನೀವು ಬಂದು ಗಂಡಿನ ಕಡೆಯೋರ ಮುಂದೆ ಅತ್ತುಬಿಟ್ಟೀರಿ" ಅಂತ. ಇನ್ನೂ ಎರಡು ಕಡೆಯ ಬುಕಿಂಗ್ ಹೋಯಿತು. ಹಾಡುಗಳ ಬಗ್ಗೆ ನೆಟ್ಟಿನಲ್ಲಿ ಬರೆಯೋ ದಾವಣಗೆರೆಯ ಒಬ್ಬರು, 'ಮೊದಲ ಭಾಗ ಪರವಾಗಿಲ್ಲ, ಎರಡನೆಯದರ ಅಗತ್ಯವೇನಿತ್ತು, ಒಂದೇ ಸಾಕಿತ್ತು' ಅಂತ ಬರೆದಾರೆ. ಕೆಳಗೆ ಒಬ್ಬ, 'ಬಿಳಿ ಪೆನ್‌ಡ್ರೈವ್ ಖಾಲಿ ಮಾಡಿ ಮಗಳ ಫೋಟೋ ತುಂಬಿದೆ, ಉಪಯೋಗ ಆಯ್ತು' ಅಂತ ಹಾಕ್ಯಾನೆ. ಮುತ್ತು ಅದಕ್ಕೆ ಲೈಕ್ ಒತ್ತಿದ. ಸಿದ್ದುಗೂ ಅವನಿಗೂ ಜಗಳ.

ಟ್ರ್ಯಾಕ್ಟರಿನವರಿಗೆ ಮಾತ್ರ ಅವ್ವನ ಹಾಡು ಹಿಡಿಸೈತೆ. 'ಗೂಟ ಇಲ್ಲದಂಗಾತಲ್ಲೋ' ಆದ ತಕ್ಷಣ ಡ್ರಮ್ ಬೀಳೋ ಕಡೆ ಪೂರ್ತಿ ಸೌಂಡ್ ಕೊಟ್ಟುಕೊಂಡು ಹೋಗ್ತಾರೆ. ನಾನು ಬಾಗಿಲು ಹಾಕ್ಕೊಂಡು ಕೂರ್ತೀನಿ.

ಸೆಪ್ಟೆಂಬರ್ 8, ಸೋಮವಾರ

ಆಗಬಾರದ್ದು ಆಯಿತು. ಗಾದ್ರಪ್ಪ ಭಾವನ ಊರಿನಲ್ಲಿ ಯಾರೋ ಅವನ ಬಾಗಿಲ ಮುಂದೆ ಮರದ ಗೂಟ ಇಟ್ಟು ಹೋಗ್ಯಾರೆ. ಮಾರನೇ ದಿನ ಇನ್ನೊಂದು. ಡೇರಿಗೆ ಹಾಲು ಹಾಕಾಕೆ ಹೋದರೆ, "ಏನ್ ಗಾದ್ರಣ್ಣ, ಗೂಟ ಹೊಡೆಸಿದೆಯೋ ಇಲ್ವೋ?" ರೇಷನ್ ಅಂಗಡಿ ಸಾಲಿನಲ್ಲಿ ಆ ಊರಿನ ಹೆಂಗಸೊಬ್ಬಳು ಅವ್ವನಿಗೇ ಇದನ್ನ ಹೇಳಿ ನಕ್ಕಳಂತೆ. ಅವ್ವ ಅಕ್ಕಿ ಇಸ್ಕೊಳ್ಳದೇ ಬಂದಳು. ನನ್ನನ್ನ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಭಾವ ಬಂದ. ಬೈಕು ಗೋಡೆಗೆ ಒರಗಿಸಿ, ಚಪ್ಪಲಿ ಕಾಲಿನಲ್ಲೇ ಕಟ್ಟೆ ಹತ್ತಿದ.

"ನೀರು ಕೊಡ್ಲಾ ಭಾವ?"

"ನಿಮ್ಮ ಮನೆ ನೀರು ಕುಡಿಯಾಕೆ ಬಂದಿಲ್ಲ."

ಅವ್ವ ಹೊಸಿಲ ಹತ್ತಿರ ಕೂತಿದ್ದಳು. ಅವನು ನನ್ನ ಕಡೆ ನೋಡಲೇ ಇಲ್ಲ.

"ಅತ್ತೆ, ಅಪ್ಪನ ಹೆಣದ ಮುಂದೆನೂ ನೀನು ಇದನ್ನೇ ಅಂದಿ. ನಾನು ಬಾಯಿ ಬಿಟ್ಟೆನಾ? ನೆಂಟರೆಲ್ಲ ನೋಡ್ತಿದ್ರು, ತಲೆ ಬಗ್ಗಿಸ್ಕೊಂಡು ಕೇಳಿದೆ. ಅದು ಅವತ್ತಿಗೆ ಮಣ್ಣಾತು ಅನ್ಕೊಂಡೆ. ಈಗ ನೋಡು, ದಿನಾ ಬೆಳಗ್ಗೆ ಟ್ರ್ಯಾಕ್ಟರ್‌ನೋರು ನನ್ನ ಮನೆ ಮುಂದೆ ಅಪ್ಪನ್ನ ಸಾಯಿಸಿ ಹೋಗ್ತಾರೆ."

"ಗೂಟ ಇತ್ತಾ?" ಅಂದಳು ಅವ್ವ.

"ಅಪ್ಪ ಕಂಬಳೀನ ತೊಡೆ ಮೇಲೆ ಇಟ್ಕೊಂಡು ಕೂರ್ತಿದ್ದ. ಗೂಟಕ್ಕೆ ಹಾಕೋನೇ ಅಲ್ಲ."

"ನಾನು ಕೇಳಿದ್ದು ಅದಲ್ಲ. ಗೂಟ ಇತ್ತಾ?"

ಭಾವ ಬೀದಿ ಕಡೆ ನೋಡಿದ. "ಟೈಲ್ಸ್ ಗೋಡೆ ಅತ್ತೆ. ಮೊಳೆ ಹೊಡೆದ್ರೆ ಸೀಳು ಬಿಡ್ತೈತೆ."

ನನಗೆ ತಡೆಯಾಕಾಗಲಿಲ್ಲ. ಹಾಡು ಪೂರ್ತಿ ಕೇಳಿದ್ದೀಯಾ ಭಾವ, ಮಾವನ ಬಗ್ಗೆ ಎಷ್ಟು ಚೆನ್ನಾಗಿ ಅಂದಾಳೆ ಅಂತ ಫೋನಿನಲ್ಲಿ ಹಚ್ಚಿಬಿಟ್ಟೆ. ಯಾಕೆ ಹಚ್ಚಿದೆನೋ! ಅವ್ವ ತನ್ನ ದನಿ ತಾನು ಕೇಳಿದ್ದು ಅದೇ ಮೊದಲು. ಮುಖ ಸಣ್ಣದಾಯಿತು. ಮೊದಲು ಗುನುಗಿದಳು, ಆಮೇಲೆ ನೆಲಕ್ಕೆ ಅಂಗೈ ಬಡಿದು ಜೊತೆಗೇ ಶುರು ಮಾಡಿದಳು. ಅಕ್ಕಪಕ್ಕದವರು ಹೊರಗೆ ಬಂದರು, ಈ ಮನೇಲಿ ಯಾರು ಸತ್ತರು ಅಂತ.

"ಥೂ ಇದರ" ಅಂತ ಬೈದುಕೊಂಡೇ ಭಾವ ಬಗ್ಗಿ ಅವಳ ರಟ್ಟೆ ಹಿಡಿದ. "ಏಳತ್ತೆ. ಏಳು. ಸಾಕು."

ಅವ್ವ ನಿಲ್ಲಿಸಿದಳು. ಅಷ್ಟೇ. ಮೂಗು ಒರೆಸಿಕೊಂಡು ಎದ್ದು ನಿಂತಳು, ಸಾವಿನ ಮನೇಲಿ ನಿಲ್ಲಿಸೋ ಹಂಗೇ. ಬೈಸಿಕೊಂಡೋನೇ ಬಂದು ಎಬ್ಬಿಸಬೇಕು, ಎಬ್ಬಿಸಿದರೆ ಅಲ್ಲಿಗೆ ಮುಗೀತು. ಚಿಕ್ಕಂದಿನಿಂದ ಎಷ್ಟು ಸಾವಿನ ಮನೇಲಿ ನೋಡೀನಿ. ಹೊನ್ನಾಳಿಯಲ್ಲಿ ನಾವು ಮೂರು ಜನ ಇದ್ದೆವು, ಎಬ್ಬಿಸೋನು ಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ.

ಭಾವ ಕೈ ಬಿಟ್ಟ. "ಪಕ್ಷಕ್ಕೆ ನಿನ್ನ ಕರೆಯಾಕೆ ಯಾರೂ ಬರಲ್ಲ" ಅಂದು ಬೈಕು ಹತ್ತಿದ.

ಫೋನಿನೊಳಗಿನ ಅವ್ವ ಮಾತ್ರ ಇನ್ನೂ ಅಳ್ತಾನೇ ಇದ್ದಳು.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಜಂಪಣ್ಣ ಮಾವ ಹೋದಮೇಲೆ ಮೊದಲನೇ ಪಕ್ಷ, ಹಿರೇರಿಗೆ ಎಡೆ ಇಡೋ ದಿನ. ಅವ್ವ ಬೆಳಗ್ಗೆಯೇ ನೀರು ಹಾಕ್ಕೊಂಡು ಹಸಿರು ಸೀರೆ ಉಟ್ಟು ಕಟ್ಟೆ ಮೇಲೆ ಕೂತಳು. ಬೈಕಿನ ಸದ್ದಾದಾಗೆಲ್ಲ ಸೆರಗು ಸರಿ ಮಾಡ್ಕೊಳ್ಳೋಳು. ಹೊತ್ತು ಇಳೀತು.

ನಾವೇ ಇಲ್ಲಿ ಒಂದು ಎಡೆ ಇಡಾನ ಅಂದೆ.

"ಕೊಟ್ಟ ಹೆಣ್ಣು ತವರಿನ ಹಿರೇರಿಗೆ ಎಡೆ ಇಡಂಗಿಲ್ಲ. ಅಷ್ಟೂ ಗೊತ್ತಿಲ್ಲ, ಹಾಡು ಮಾಡ್ತಾರಂತೆ ಹಾಡು." ಸೀರೆ ಬದಲಿಸಾಕೆ ಒಳಗೆ ಹೋದಳು.

ಸೆಪ್ಟೆಂಬರ್ 24, ಬುಧವಾರ

ಬಸ್ಸಿನಲ್ಲಿ ಒಬ್ಬಳೇ ಭಾವನ ಊರಿಗೆ ಹೋದೆ. ಭಾವ ರಸ್ತೆ ಮೇಲೆ ಮೆಕ್ಕೆಜೋಳ ಹರವುತ್ತಿದ್ದ. ನಾನು ಬಂದಿದ್ದು ನೋಡಿ ಕಾಳು ಎಳೆಯೋ ಹಲುಬೆ ನಿಲ್ಲಿಸಲಿಲ್ಲ, ಕಾಳು ನನ್ನ ಕಾಲಿನ ಮೇಲೆ ಬಿತ್ತು. ನಿನ್ನ ಹೆಸರು ತೆಗೆಸ್ತೀನಿ ಭಾವ ಅಂದೆ.

"ಈಗ ತೆಗೆಸಿದ್ರೆ ದುಡ್ಡು ಕೊಟ್ಟು ತೆಗೆಸ್ದ ಅಂತಾರೆ. ಬ್ಯಾಡ."

"ಮತ್ತೆ ಏನ್ ಮಾಡ್ಲಿ?"

"ನನ್ನ ಕೇಳ್ತೀಯಾ? ಮೈಕ್ ಇಟ್ಟಾಗ ಕೇಳಿದ್ಯಾ?" ಅಂತ ರೇಗಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತ. "ಬೈದಿದ್ದು ಊರೆಲ್ಲ ಕೇಳ್ತು. ಅವತ್ತು ಅಪ್ಪನ ಹೆಣದ ಮುಂದೆ ಅತ್ತೇನ ಎಬ್ಬಿಸಿದ್ದು ಯಾರು? ನಾನಲ್ವಾ? ಅದು ಎಲ್ಲೈತೆ ನಿನ್ನ ಪೆನ್‌ಡ್ರೈವ್‌ನಾಗೆ? ಹೆಸರು ಇರ್ಲಿ. ಎಬ್ಬಿಸಿದ್ದೂ ಇರ್ಲಿ."

ನಾನು ಫೋನು ತೆಗೆದು ರೆಕಾರ್ಡಿಂಗ್ ಒತ್ತಿ ಅವನ ಮುಂದೆ ಹಿಡಿದೆ. ಅವನು ಫೋನನ್ನೇ ದುರುಗುಟ್ಟಿ ನೋಡಿ, ನನಗೆ ಬೈಯೋ ದನಿಯಲ್ಲೇ ಅಂದ, "ಏಳತ್ತೆ. ಏಳು. ಸಾಕು."

ಇನ್ನೊಂದು ಸಲ, ಸ್ವಲ್ಪ ಮೆತ್ತಗೆ ಅನ್ನು ಭಾವ ಅಂದೆ.

"ಹೆಣದ ಮುಂದೆ ಎರಡೆರಡು ಸಲ ಎಬ್ಬಿಸ್ತಾರಾ? ಇರೋದನ್ನ ಹಾಕು. ಮೊದ್ಲು ನನಗೆ ಕೇಳಿಸು. ದೀಪಾವಳಿಗೆ ಅತ್ತೇನ ಕರೆಯೋದೋ ಬಿಡೋದೋ ಆಮೇಲಿನ ಮಾತು."

ಸೆಪ್ಟೆಂಬರ್ 27, ಶನಿವಾರ, ಚನ್ನಗಿರಿ

ಸಿದ್ದು ಕೇಳಿ ನಕ್ಕ. ಆಮೇಲೆ ನಗಲಿಲ್ಲ.

"ಆಲ್ಬಂ ಹೊರಗೆ ಹೋಗಿ ತಿಂಗಳಾತು. ಇಡೀ ಆಲ್ಬಮ್ಮಿಗೆ ಜನ ಕೇಳ್ತಿರೋದು ಅದೊಂದು ಹಾಡು, ಅದರ ಬಾಲಕ್ಕೆ ಅವನ ಗದರಿಕೆ ಅಂಟಿಸ್ಬೇಕಾ? ಅಳು ಹಂಗೇ ದೂರ ಹೋಗ್ತಾ ಹೋಗ್ತಾ ಕರಗ್ತೈತೆ ನೋಡು, ಅದೇ ಅದರ ಚೆಂದ."

"ಅದು ಚೆಂದ ಅಲ್ಲ. ಅದು ಎಬ್ಬಿಸೋರಿಲ್ಲದೆ ಬಿಟ್ಟಿದ್ದು."

"ನೀನು ನನಗೆ ಮ್ಯೂಸಿಕ್ ಹೇಳ್ಕೊಡ್ತೀಯಾ?"

"ಮ್ಯೂಸಿಕ್ ಅಲ್ಲ. ಸಾವಿನ ಮನೆ."

ಯೂಟ್ಯೂಬಿಗೆ ಹೊಸದು ಹಾಕಬಹುದು, ಟ್ರ್ಯಾಕ್ಟರಿನವರ ಪೆನ್‌ಡ್ರೈವಿಗೆ ಯಾರು ಹಾಕ್ತಾರೆ ಅಂತ ಕೇಳಿದ. ನಾನು ಹಾಕ್ತೀನಿ, ಸಂತೇಬೆನ್ನೂರು ಸಂತೆಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂರ್ತೀನಿ, ಬಂದೋರಿಗೆಲ್ಲ ಪುಕ್ಕಟೆ ತುಂಬಿ ಕೊಡ್ತೀನಿ ಅಂದೆ. ಆಗಲ್ಲ ಅಂದ. ಹಂಗಾದರೆ ಎರಡೂ ಪೆನ್‌ಡ್ರೈವಿನಿಂದ ನನ್ನ ಬೇಸ್ ತೆಗಿ, ಅವ್ವನ ದನಿ ತೆಗಿ, ಉಳಿದಿದ್ದನ್ನ ಮಾರ್ಕೊ ಅಂದೆ. ಸ್ಪೀಕರ್ ಡಬ್ಬಿಯ ಮೇಲೆ ಕೂತುಬಿಟ್ಟೆ. ಹೊರಗೆ ಮಳೆ ಮೋಡ ಆಗಿತ್ತು, ಕಡೇ ಬಸ್ಸು ತಪ್ಪುತ್ತೇನೋ, ಹಿತ್ತಲಿನಲ್ಲಿ ಬಟ್ಟೆ ಒಣಹಾಕಿ ಬಂದಿದ್ದೆ. ಏಳಲಿಲ್ಲ.

ಮುತ್ತು ಮಂಡಕ್ಕಿ ತಿನ್ನುತ್ತಾ, "ಹಾಕಿಬಿಡು ಸಿದ್ದಣ್ಣ. ಇರೋ ಬರೋ ಮದುವೆ ಎಲ್ಲ ಕ್ಯಾನ್ಸಲ್ ಆಗ್ಯಾವೆ. ಹೊಸದಾಗಿ ಕ್ಯಾನ್ಸಲ್ ಆಗಾಕೆ ಏನೂ ಉಳಿದಿಲ್ಲ" ಅಂದ.

ಸಿದ್ದು ನನ್ನ ಮುಖ ನೋಡದೆ ಕಂಪ್ಯೂಟರ್ ಆನ್ ಮಾಡಿದ. "ಇದೇ ಕೊನೆ ನೋಡು, ನಿನ್ನ ಜೊತೆ ಇನ್ನೊಂದು ಆಲ್ಬಂ ಮಾಡಿದ್ರೆ ಕೇಳು" ಅಂದ. ಆಗಲಿ ಅಂದೆ.

ಅಕ್ಟೋಬರ್ 5, ಭಾನುವಾರ

ಹೊಸದಾಗಿ ಕೂಡಿಸಿದ್ದನ್ನು ಸಿದ್ದು ಕಳಿಸಿದ. ಜೊತೆಗೆ ಒಂದು ಮಾತೂ ಬರೆದಿಲ್ಲ. ಅವ್ವನಿಗೆ ಕೇಳಿಸಲಾ ಅಂದೆ. "ಅವನ ದನಿ ಹಾಕಿದ್ರೇನಾತು, ರಟ್ಟೆ ಹಿಡಿಯಾಕೆ ಬರ್ತೈತಾ ಅದಕ್ಕೆ?" ಅಂದಳು. ಅಂದರೂ ಕಸ ಗುಡಿಸೋ ನೆವದಲ್ಲಿ ಹತ್ತಿರವೇ ಇದ್ದಳು.

ನಾಳೆ ಭಾವನ ಊರಿಗೆ ಹೋಗಿ ಕೇಳಿಸಬೇಕು. ಅವನು ಕೇಳೋದು ಒಂದೇ ಸಲ. ಸಿದ್ದುಗೆ ಕಳಿಸಿದ ಮೆಸೇಜು ಇಲ್ಲೂ ಬರೆದಿಡ್ತೀನಿ, ಸರಿಯಾಗಿ ಹೇಳೀನೋ ಇಲ್ಲವೋ ಆಮೇಲೆ ಅನುಮಾನ ಬರ್ತೈತೆ:

'ಸಿದ್ದು, ಕೇಳಿದೆ. ಭಾವನ ದನಿ ಸ್ಪಷ್ಟ ಐತೆ, ಹಿಂದೆ ನಿನ್ನ ಗಿಟಾರು ಸಣ್ಣ ಮಾಡಿದ್ದು ಒಳ್ಳೇದಾಯ್ತು. ಒಂದೇ ಒಂದು. ಅವ್ವನ ಅಳು ನಿಲ್ಲೋದು ಭಾವ ಸಾಕು ಅಂದಮೇಲಾ, ಅನ್ನೋಕೆ ಮುಂಚೆಯಾ? ನನ್ನ ಫೋನಿನಲ್ಲಿ ಮುಂಚೆಯೇ ನಿಂತಂಗೆ ಕೇಳ್ತೈತೆ. ತಾನಾಗೇ ನಿಂತರೆ ಅವನು ಎಬ್ಬಿಸಿದಂಗೆ ಆಗಲ್ಲ. ಅಂಗಡೀಲಿರೋ ದೊಡ್ಡ ಬಾಕ್ಸಿಗೆ ಹಾಕಿ ಆ ಜಾಗ ಇನ್ನೊಂದು ಸಲ ಕೇಳಿ ನೋಡು.'